ಚೀಟಿ ಇಲ್ಲದೆ ಬಟ್ಟೆ ಇಲ್ಲ

ನಮ್ಮ ಬೀದಿಯಲ್ಲಿ ಅವಳನ್ನು ಟೇಪಮ್ಮ ಎಂದು ಕರೆಯುತ್ತಾರೆ. ಬೆಳಿಗ್ಗೆ ಅಂಗಡಿ ತೆರೆಯುವಾಗ ಅಳತೆಯ ಟೇಪು ಕೊರಳಿಗೆ ಬಿದ್ದರೆ ಮತ್ತೆ ಇಳಿಯುವುದು ಬಾಗಿಲು ಹಾಕುವಾಗಲೇ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಾಗಲೂ ಟೇಪು ಕೊರಳಲ್ಲೇ ಇತ್ತಂತೆ. ಡಾಕ್ಟರು ಅದನ್ನು ತೆಗೆಯಲು ಹೇಳಿದರೆ, ನೀವು ಹಲ್ಲು ನೋಡಿ ಸಾಕು ಎಂದಳಂತೆ.

ನಾನು ಪಕ್ಕದ ಅಂಗಡಿಯವನು. ಬೀಗ ರಿಪೇರಿ, ಡೂಪ್ಲಿಕೇಟ್ ಕೀ. ನಮ್ಮ ಎರಡು ಅಂಗಡಿಗಳ ನಡುವೆ ಒಂದೇ ಒಂದು ಗೋಡೆ, ಅದೂ ತೆಳ್ಳಗಿನದು. ಅವಳ ಮಿಷನ್ನಿನ ಸದ್ದು ನನಗೆ, ನನ್ನ ಅರದ ಸದ್ದು ಅವಳಿಗೆ. ಇಪ್ಪತ್ತು ವರ್ಷದಿಂದ ಒಬ್ಬರ ಕಿವಿಯನ್ನು ಒಬ್ಬರು ಹಾಳು ಮಾಡಿಕೊಂಡು ಬಂದಿದ್ದೇವೆ. ಇಷ್ಟು ವರ್ಷದ ನೆರೆಯವಳನ್ನು ಏಕವಚನದಲ್ಲಿ ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ಅವಳಂತೂ ನನ್ನನ್ನು ಎರಡನೆಯ ದಿನದಿಂದಲೇ ‘ನೀನು’ ಎಂದವಳು.

ಅವಳ ಗಂಡ ಲಾರಿ ಓಡಿಸುತ್ತಿದ್ದ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಹಾಗೇ ಓಡಿಸಿಕೊಂಡು ಹೋದವನು ಆಮೇಲೆ ಬ್ರೇಕು ಹಾಕಲಿಲ್ಲ. ಅದನ್ನು ಅವಳು ಇಷ್ಟೇ ಮಾತಿನಲ್ಲಿ ಹೇಳುತ್ತಾಳೆ, ಹೇಳಿ ಸೂಜಿಗೆ ದಾರ ಪೋಣಿಸುತ್ತಾಳೆ.

ಟೇಪಮ್ಮ ಹೊಸ ಬಟ್ಟೆ ಹೊಲಿಯುವುದಿಲ್ಲ. ಅವಳದು ಆಲ್ಟರೇಷನ್ ಅಂಗಡಿ. ಸೊಂಟ ಸಡಿಲಿಸುವುದು, ತೋಳು ಮೋಟು ಮಾಡುವುದು, ಅಣ್ಣನ ಕೋಟನ್ನು ತಮ್ಮನಿಗೆ ಹೊಂದಿಸುವುದು. ಅವಳ ಕೈಯಲ್ಲಿ ಕತ್ತರಿಗಿಂತ ಬ್ಲೇಡೇ ಹೆಚ್ಚು ಕಾಣುತ್ತದೆ. ಉದ್ದ ಕಡಿಮೆ ಮಾಡಿ ಎಂದು ಕೊಟ್ಟರೆ ಕತ್ತರಿಸುವುದಿಲ್ಲ, ಹೆಚ್ಚಿನ ಬಟ್ಟೆಯನ್ನು ಒಳಕ್ಕೆ ಮಡಿಚಿ ಕೈಹೊಲಿಗೆ ಹಾಕುತ್ತಾಳೆ. ‘ಕತ್ತರಿಸಿದ್ದು ಮತ್ತೆ ಬೆಳೆಯಲ್ಲ’ ಎನ್ನುವುದು ಅವಳ ಮಾತು. ನನ್ನ ಪ್ಯಾಂಟುಗಳ ಸೊಂಟವನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಾಳೆ, ಆದ್ದರಿಂದ ನನ್ನ ಹೊಟ್ಟೆಯ ಪೂರ್ತಿ ಚರಿತ್ರೆ ಅವಳಿಗೆ ಬಾಯಿಪಾಠ.

ಅಂಗಡಿಯ ಗೋಡೆಯ ಮೇಲೆ ಅವಳೇ ಬರೆದ ಒಂದು ರಟ್ಟು ಇದೆ: ಚೀಟಿ ಇಲ್ಲದೆ ಬಟ್ಟೆ ಇಲ್ಲ. ಬಟ್ಟೆ ಕೊಟ್ಟಾಗ ಒಂದು ಚೀಟಿಯನ್ನು ಎರಡಾಗಿ ಹರಿದು, ಅರ್ಧ ಬಟ್ಟೆಗೆ ಪಿನ್ನು ಮಾಡಿ ಅರ್ಧ ಗಿರಾಕಿಗೆ ಕೊಡುತ್ತಾಳೆ. ಎರಡರ ಹರಿದ ಅಂಚು ಹೊಂದಿದರೆ ಮಾತ್ರ ಬಟ್ಟೆ ಹೊರಗೆ ಬರುತ್ತದೆ. ಒಮ್ಮೆ ನನ್ನ ಸ್ವಂತ ಪ್ಯಾಂಟನ್ನು, ನಾನೇ ಎಂದು ಗೊತ್ತಿದ್ದೂ, ಚೀಟಿ ತರುವವರೆಗೆ ಕೊಡಲಿಲ್ಲ. ಮನೆಗೆ ಹೋಗಿ ಶರ್ಟಿನ ಜೇಬುಗಳನ್ನೆಲ್ಲ ತಡಕಿ ತಂದೆ. ಆ ಕೋಪ ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ಯಾರೂ ಬಂದು ಒಯ್ಯದ ಬಟ್ಟೆಗಳಿಗೆ ಮೇಲುಗಡೆ ಒಂದು ಮರದ ಬೀರು ಇದೆ. ಬೇರೆ ಅಂಗಡಿಗಳಲ್ಲಿ ಒಂದು ವರ್ಷ ಕಾದು ಮಾರಿಬಿಡುತ್ತಾರೆ. ಇವಳು ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ, ನೆರಳಲ್ಲಿ ಗಾಳಿಗೆ ಹಾಕಿ, ಮತ್ತೆ ಮಡಿಚಿಡುತ್ತಾಳೆ. ಪ್ರತಿ ಸಲವೂ ಮಡಿಕೆ ಬೇರೆ ಜಾಗದಲ್ಲಿ ಬೀಳಬೇಕು, ಒಂದೇ ಗೆರೆಯಲ್ಲಿ ಮಡಿಚಿದರೆ ಬಟ್ಟೆ ಅಲ್ಲೇ ಬಿರಿಯುತ್ತದಂತೆ.

ಆ ಬೀರುವಿನಲ್ಲಿ ಹನ್ನೊಂದು ವರ್ಷದಿಂದ ಒಂದು ಮದುವೆಯ ಉಡುಪು ಇತ್ತು. ಕೆನೆಬಣ್ಣದ್ದು, ಪಾದದವರೆಗೆ ಇಳಿಯುವಂಥದ್ದು, ಮೊಣಕೈವರೆಗೆ ತೋಳು, ಬೆನ್ನಿಗೆ ಹದಿನಾಲ್ಕು ಸಣ್ಣ ಗುಂಡಿ. ಬೀದಿಯಲ್ಲಿ ಯಾರಾದರೂ ಹೇಳಿದ ದಿನಕ್ಕೆ ಬಟ್ಟೆ ಒಯ್ಯದಿದ್ದರೆ ಟೇಪಮ್ಮ ಅದರ ಕತೆ ಹೇಳುತ್ತಿದ್ದಳು. ‘ಒಬ್ಬ ಹುಡುಗಿ ಮದುವೆ ಡ್ರೆಸ್ಸೇ ಒಯ್ಯೋಕೆ ಬರಲಿಲ್ಲ. ಮದುವೆ ಮುರೀತು ಅಂತ ಕಾಣುತ್ತೆ, ಪಾಪ. ಹಾಗಂತ ಒಂದು ಮಾತು ಹೇಳಿಹೋಗೋಕೆ ಏನಾಗಿತ್ತು?’ ಅವಳು ಆ ಹುಡುಗಿಗಾಗಿ ಮರುಗುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. ಹೋಗಿ ಕೊಟ್ಟುಬರಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ‘ಮುರಿದ ಮದುವೆ ಮನೆಗೆ ಮದುವೆ ಡ್ರೆಸ್ ಹಿಡ್ಕೊಂಡು ಹೋಗ್ತಾರೇನೋ, ಬುದ್ಧಿ ಬೇಡ್ವಾ ನಿನಗೆ’ ಎಂದಿದ್ದಳು.

ಈ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಸಂಜೆ ನಾಲ್ಕು ಜನಕ್ಕೆ ಊಟ, ಅಷ್ಟೇ. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ನೀರು ಪರೀಕ್ಷೆ ಮಾಡುವ ಕಚೇರಿಯಲ್ಲಿ ಇದ್ದಾಳೆ. ಊರಿನ ಕೆಳಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿವೆ, ಅವುಗಳ ಮೋರಿ ನದಿಗೆ ಸೇರುವ ಕಡೆ ವಾರಕ್ಕೆರಡು ದಿನ ಬೂಟು ಹಾಕಿಕೊಂಡು ಇಳಿದು ಬಾಟಲಿಯಲ್ಲಿ ನೀರು ತುಂಬಿ ತರುವುದು ಅವಳ ಕೆಲಸ. ‘ಈ ವಾರ ನದಿ ನೇರಳೆ ಬಣ್ಣ ಮಾಮ. ಇನ್ನೆರಡು ತಿಂಗಳು ಅಂಗಡಿಗಳಲ್ಲೆಲ್ಲ ನೇರಳೆ ಬಟ್ಟೆನೇ, ನೋಡ್ತಾ ಇರಿ’ ಎಂದು ಒಮ್ಮೆ ನನಗೆ ಹೇಳಿದ್ದಳು. ಅವಳು ಹೇಳಿದ ಹಾಗೇ ಆಯಿತು.

ಅಂಥವಳು ಮದುವೆಗೆ ಹೊಸ ಉಡುಪು ಬೇಡ ಎಂದಳು. ಒಂದು ದಿನ ಹಾಕಿ ಪೆಟ್ಟಿಗೆಗೆ ಸೇರಿಸುವ ಬಟ್ಟೆಗಾಗಿ ಆ ಮೋರಿಗೆ ಇನ್ನೊಂದು ಬಕೆಟ್ ಬಣ್ಣ ಸೇರಿಸುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಪರಿಸರಕ್ಕೆ ತೊಂದರೆಯಾಗದ್ದು ಬೇಕು ಎಂದು ತಾಯಿಯನ್ನು ಕರೆದುಕೊಂಡು ಅಂಗಡಿ ಅಂಗಡಿ ಸುತ್ತಿದಳು. ಮೊದಲನೆಯ ಅಂಗಡಿಯಲ್ಲಿ ವಿಷ ಹಾಕದೆ ಬೆಳೆದ ಹತ್ತಿಯ ಉಡುಪು ಇತ್ತು. ಎಲ್ಲಿಂದ ಬಂತು ಎಂದು ಕೇಳಿದರೆ ಮಾರುವ ಹುಡುಗಿ ಹೆಮ್ಮೆಯಿಂದ, ತುಂಬಾ ದೂರದಿಂದ, ವಿಮಾನದಲ್ಲಿ ಎಂದಳಂತೆ. ಅದಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿತ್ತಂತೆ. ಎರಡನೆಯದು ಬಾಡಿಗೆಗೆ ಕೊಡುವ ಅಂಗಡಿ. ಮಗಳು ಉಡುಪನ್ನು ಮೂಸಿ ನೋಡಿ, ತೊಳೆಯಲು ಹಾಕಿದ ಔಷಧಿಯ ಹೆಸರು ಹೇಳಿ ಕೆಳಗಿಟ್ಟಳು. ಮೂರನೆಯ ಕಡೆ ಹಳೆಯ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಬಟ್ಟೆ. ‘ಇದನ್ನ ಒಗೆದಾಗ ಉದುರೋ ಎಳೆನೆಲ್ಲ ಆಮೇಲೆ ನಾನೇ ನದೀಲಿ ಹುಡುಕಬೇಕು’ ಎಂದಳು.

‘ಹಂಗಾದ್ರೆ ಎಲೆ ಸುತ್ಕೊಂಡು ಹೋಗು’ ಎಂದಳು ಟೇಪಮ್ಮ, ಚಪ್ಪಲಿ ಬಿಟ್ಟು ಕಾಲು ನೀವಿಕೊಳ್ಳುತ್ತ. ಅಳಿಯನಾಗುವವನು ಅದೇ ಹೊತ್ತಿಗೆ ಬಂದು, ನೀನು ಏನು ಹಾಕ್ಕೊಂಡ್ರೂ ನನಗೆ ಚಂದಾನೇ ಎಂದ. ತಾಯಿ ಮಗಳು ಇಬ್ಬರೂ ಸೇರಿ ಅವನಿಗೆ ಬೈದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮದುವೆಯ ಬಟ್ಟೆ ಆರಿಸಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ.

ಬೀರುವಿನ ಬಟ್ಟೆಗಳನ್ನು ಗಾಳಿಗೆ ಹಾಕುವ ದಿನ ಬಂತು. ಮಗಳು ರಜೆ ಇದ್ದುದರಿಂದ ಏಣಿ ಹತ್ತಿ ಒಂದೊಂದಾಗಿ ಕೆಳಗಿಳಿಸಿದಳು. ಕೆನೆಬಣ್ಣದ್ದು ಕೈಗೆ ಬಂದಾಗ ಅಲ್ಲೇ ಏಣಿಯ ಮೇಲೆಯೇ ಬಿಡಿಸಿ ನೋಡಿದಳು. ನಾನು ಮಿಷನ್ನಿನ ಎಣ್ಣೆ ಕೇಳಲು ಹೋಗಿದ್ದೆ, ಬಾಗಿಲಲ್ಲೇ ನಿಂತೆ. ಅವಳು ಇಳಿದು ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಭುಜ ಕೂತಿತ್ತು, ಸೊಂಟ ಒಂದಿಷ್ಟು ಸಡಿಲ, ಉದ್ದ ಮೂರು ಬೆರಳು ಮೋಟು. ಒಳಗೆ ಮಡಿಚಿಟ್ಟ ಬಟ್ಟೆಯೂ ಸರಿಯಾಗಿ ಮೂರು ಬೆರಳಿತ್ತು.

‘ಇದಕ್ಕೆ ಬೇಕಾದ ನೀರು, ಬಣ್ಣ ಎಲ್ಲ ಯಾವಾಗ್ಲೋ ಹರಿದು ಹೋಗಿದೆ’ ಎಂದಳು ಮಗಳು. ‘ಇದಕ್ಕಿಂತ ಒಳ್ಳೇದು ಇನ್ನೆಲ್ಲಿ ಸಿಗುತ್ತಮ್ಮ?’

‘ತೆಗಿ ಅದನ್ನ’ ಎಂದಳು ಟೇಪಮ್ಮ.

‘ಹನ್ನೊಂದು ವರ್ಷ ಆಯ್ತು.’

‘ಆಗಲಿ. ಚೀಟಿ ಇಲ್ಲದೆ ಬಟ್ಟೆ ಇಲ್ಲ. ಇಷ್ಟು ವರ್ಷ ಎಲ್ಲರಿಗೂ ಹೇಳಿ ಈಗ ನನ್ನ ಮಗಳಿಗೇ ಎತ್ತಿಕೊಟ್ರೆ, ಆ ರಟ್ಟನ್ನ ಒಲೆಗೆ ಹಾಕ್ಬೇಕಾಗುತ್ತೆ.’

ಮಗಳು ಜಗಳವಾಡುವವಳಲ್ಲ. ಉಡುಪನ್ನು ತೆಗೆದು, ಮಡಿಕೆ ಬದಲಿಸಿ ಮಡಿಚಿ ತಾಯಿಯ ಮುಂದಿಟ್ಟಳು. ‘ಸರಿ. ಹಂಗಾದ್ರೆ ಅವರನ್ನೇ ಹುಡುಕಿ ಕೇಳು. ಕೊಡಲ್ಲ ಅಂದ್ರೆ ನಾನು ಲ್ಯಾಬಿನ ಕೋಟು ಹಾಕ್ಕೊಂಡು ಸಹಿ ಮಾಡ್ತೀನಿ, ಅದೂ ಬಿಳೀದೇ.’ ಅವಳು ಹೇಳಿದ್ದನ್ನು ಮಾಡುವವಳು ಎಂದು ತಾಯಿಗೆ ಗೊತ್ತಿತ್ತು. ಮದುವೆಗೆ ಐದು ವಾರ ಉಳಿದಿತ್ತು.

ಉಡುಪಿಗೆ ಪಿನ್ನು ಮಾಡಿದ್ದ ಅರ್ಧ ಚೀಟಿಯಲ್ಲಿ ಅಳತೆಗಳು, ಒಂದು ಫೋನ್ ನಂಬರು, ‘ನೀರಿನ ಟ್ಯಾಂಕ್ ಹಿಂದೆ, ಹಸಿರು ಗೇಟು’ ಎಂದು ಬರೆದಿತ್ತು. ನಂಬರು ಈಗ ಯಾವುದೋ ಗ್ಯಾಸ್ ಏಜೆನ್ಸಿಯದಾಗಿತ್ತು. ಟೇಪಮ್ಮ ಟ್ಯಾಂಕಿನ ಹಿಂದೆ ಹೋದಳು. ಗೇಟು ನೀಲಿಯಾಗಿತ್ತು, ಮನೆಯವರೂ ಬೇರೆ. ಎದುರು ಮನೆಯ ಮುದುಕರೊಬ್ಬರು, ಆ ಹುಡುಗಿಯೇ, ಬಸ್ ನಿಲ್ದಾಣದಲ್ಲಿ ನಾಲ್ಕನೇ ಟಿಕೆಟ್ ಕೌಂಟರಲ್ಲಿ ಕೂರುತ್ತಾಳಲ್ಲ ಎಂದರು. ಮದುವೆಯಾಗಲಿಲ್ಲವೇ ಎಂದು ಇವಳು ಕೇಳಿದ್ದಕ್ಕೆ ಮುದುಕರು, ಆಗದೆ ಏನು, ಎರಡು ಮಕ್ಕಳು ಎಂದರಂತೆ. ಮದುವೆ ಮುರಿದಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ನಾಲ್ಕನೇ ಕೌಂಟರಿನ ಸಾಲಿನಲ್ಲಿ ನಿಂತಳು. ಸರದಿ ಬಂತು.

‘ಎಲ್ಲಿಗೆ?’ ಎಂದಳು ಗಾಜಿನ ಒಳಗಿದ್ದ ಹೆಂಗಸು.

‘ಎಲ್ಲಿಗೂ ಇಲ್ಲಮ್ಮ. ಹನ್ನೊಂದು ವರ್ಷದ ಹಿಂದೆ ನೀವು ಒಂದು ಮದುವೆ ಡ್ರೆಸ್ ಕೊಟ್ಟಿದ್ರಿ, ಉದ್ದ ಕಡಿಮೆ ಮಾಡೋಕೆ. ಅದು ನನ್ನ ಹತ್ರ ಇದೆ.’

ಒಳಗಿನವಳು ‘ಕೌಂಟರ್ ಮುಚ್ಚಿದೆ’ ಎಂಬ ಫಲಕವನ್ನು ಎತ್ತಿ ಗಾಜಿಗೆ ಒರಗಿಸಿದಳು. ಸಾಲಿನಲ್ಲಿದ್ದವರು ಗಲಾಟೆ ಮಾಡಿದರು. ಅವಳು ಹಿಂದಿನ ಬಾಗಿಲಿನಿಂದ ಹೊರಬಂದು, ಕಂಬದ ಪಕ್ಕ ನಿಂತು, ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಟೇಪಮ್ಮ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದ್ದಾಳೆ.

‘ಮಾರ್ಕೊಂಡ್ರಿ ಅಂದ್ಕೊಂಡಿದ್ದೆ. ಶುಕ್ರವಾರ ಕೊಡ್ತೀನಿ ಅಂದಿದ್ರಿ, ಬಂದೆ, ಬೀಗ. ಶನಿವಾರ ಬೆಳಿಗ್ಗೆ ಬಂದೆ, ಬೀಗ. ಶನಿವಾರ ಸಂಜೆ ಬಂದೆ, ಆಗಲೂ ಬೀಗ. ಭಾನುವಾರ ಬೆಳಿಗ್ಗೆ ನನ್ನ ಮದುವೆ. ಕೆಲಸದ ನೀಲಿ ಯೂನಿಫಾರಂ ಹಾಕ್ಕೊಂಡು ಮದುವೆ ಆದೆ. ಬ್ಯಾಡ್ಜ್ ತೆಗೆದ ಕಡೆ ಎರಡು ತೂತು, ಫೋಟೋದಲ್ಲಿ ಈಗಲೂ ಕಾಣುತ್ತೆ. ಡ್ರೆಸ್ ಟೈಲರ್ ಅಂಗಡಿಲಿದೆ, ಅಂಗಡಿ ಮುಚ್ಚಿದೆ ಅಂದ್ರೆ ನಮ್ಮತ್ತೆ ನಂಬಲಿಲ್ಲ. ಹೊಲಿಸೋ ಯೋಗ್ಯತೆ ಇಲ್ಲದೆ ಸುಳ್ಳು ಹೇಳ್ತಾಳೆ ಅಂದ್ರು. ಇವತ್ತಿಗೂ ನಮ್ಮನೇಲಿ ನಾನು ಏನು ಹೇಳಿದ್ರೂ, ಅದೂ ಟೈಲರ್ ಅಂಗಡಿಲಿದೆಯಾ ಅಂತ ಕೇಳಿ ನಗ್ತಾರೆ. ನನ್ನ ಮಕ್ಕಳೂ ಅದನ್ನೇ ಕಲ್ತಿವೆ.’

ಟೇಪಮ್ಮನಿಗೆ ಆ ಮೂರು ದಿನ ನೆನಪಾದವು. ಅವಳಿಗಷ್ಟೇ ಅಲ್ಲ, ನನಗೂ. ಹದಿನಾಲ್ಕು ವರ್ಷದ ಮಗಳಿಗೆ ಗುರುವಾರ ಮಧ್ಯಾಹ್ನ ಸ್ಕೂಲಿನಲ್ಲಿ ಹೊಟ್ಟೆನೋವು ಬಂದು, ಅಪೆಂಡಿಕ್ಸ್ ಎಂದು ರಾತ್ರಿಯೇ ಆಪರೇಷನ್ ಆಗಿತ್ತು. ಉಡುಪಿನ ಕೆಲಸ ಗುರುವಾರ ಬೆಳಿಗ್ಗೆಯೇ ಮುಗಿದಿತ್ತು. ಬಾಗಿಲಿಗೆ ಬೀಗ ಜಡಿದು ಓಡಿದವಳು ಒಂದು ಚೂರು ಕಾಗದ ಅಂಟಿಸಿ ಹೋಗಿರಲಿಲ್ಲ.

ಬಸ್ ನಿಲ್ದಾಣದಿಂದ ಅವಳು ನೇರ ನನ್ನ ಅಂಗಡಿಗೆ ಬಂದಳು. ನಾನು ಒಂದು ಹಳೆಯ ಪೆಟ್ಟಿಗೆಯ ಬೀಗ ಬಿಚ್ಚಿಕೊಂಡು ಕೂತಿದ್ದೆ.

‘ಆ ಶನಿವಾರ ಸಂಜೆ ನಾನು ಮಗೂಗೆ ಬಟ್ಟೆ ತಗೊಂಡು ಹೋಗೋಕೆ ಬಂದಿದ್ದೆ. ಯಾರಾದ್ರೂ ಬಂದಿದ್ರಾ ಅಂತ ನಿನ್ನ ಕೇಳ್ದೆ. ಏನಂದೆ?’

ನನಗೆ ನೆನಪಿರಲಿಲ್ಲ. ಏನೆಂದಿರುತ್ತೇನೆ ಎಂಬುದು ಮಾತ್ರ ಗೊತ್ತಿತ್ತು. ನನ್ನನ್ನು ಯಾರು ಏನೇ ಕೇಳಲಿ, ನಾನು ಹಾಗೇ ಹೇಳುತ್ತಿದ್ದೆ.

‘ಯಾರೂ ಇಲ್ಲ ಅಂದೆ’ ಎಂದಳು ಅವಳೇ. ‘ಆ ಡ್ರೆಸ್ಸಿನವಳು ಅರ್ಧ ಗಂಟೆ ಮುಂಚೆ ಬಂದು ಹೋಗಿದ್ದಳು. ಯಾವಾಗ ತೆಗೀತಾರೆ ಅಂತ ನಿನ್ನ ಮೂರು ಸಲ ಕೇಳಿದಳಂತೆ. ಮೂರು ಸಲವೂ ನೀನು ತಲೆ ಎತ್ತದೆ ಗೊತ್ತಿಲ್ಲ ಅಂದೆಯಂತೆ. ನೀನು ಬೀಗ ಉಜ್ಜುತಾ ಇದ್ದೆ ಅಂತನೂ ಹೇಳಿದಳು.’

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನಾನು ಕಂಡೇ ಇರಲಿಲ್ಲ. ನಾನು ಬೀಗ ತೆಗೆಯುವವನು, ಅದೇ ನನ್ನ ಹೊಟ್ಟೆಪಾಡು. ಮುಚ್ಚಿದ ಬಾಗಿಲಿನ ಮುಂದೆ ಮೂರು ಸಲ ಒಬ್ಬಳು ಬಂದು ನಿಂತಿದ್ದಾಳೆ, ನನ್ನಿಂದ ಮೂರು ಅಡಿ ದೂರದಲ್ಲಿ. ಆಸ್ಪತ್ರೆಗೆ ಹೋಗಿದ್ದಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಟೇಪಮ್ಮನಿಗೆ ಒಬ್ಬಳು ಬಂದಿದ್ದಳು ಎಂದಿದ್ದರೂ ಸಾಕಿತ್ತು. ನನಗೆ ನಾಚಿಕೆಯಾಯಿತು, ಇಲ್ಲಿ ಬರೆಯುವಾಗಲೂ ಆಗುತ್ತಿದೆ.

‘ನೀನೊಬ್ಬನೇ ಅಲ್ಲ ಬಿಡು’ ಎಂದಳು ಟೇಪಮ್ಮ. ‘ನಾನು ಹನ್ನೊಂದು ವರ್ಷ ಬೀದಿಯವರಿಗೆಲ್ಲ ಅವಳನ್ನ ಬೈಕೊಂಡು ಬಂದೆ. ಅವಳೂ ಹನ್ನೊಂದು ವರ್ಷ ನನ್ನನ್ನ ಕಳ್ಳಿ ಅಂತ ಬೈಕೊಂಡು ಬಂದಿದ್ದಾಳೆ. ಅಲ್ಲಿಗಲ್ಲಿಗೆ ಸರಿಯಾಯ್ತು ಅನ್ನೋಣ ಅಂದ್ರೆ, ತಪ್ಪು ಮಾತ್ರ ನಮ್ಮದೇ.’

ಟಿಕೆಟ್ ಕೌಂಟರಿನವಳು ಒಂದು ಷರತ್ತು ಹಾಕಿದ್ದಳು. ಮಗಳು ಉಡುಪು ಹಾಕಿಕೊಳ್ಳಲಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಟೇಪಮ್ಮ ಉಡುಪನ್ನು ತೆಗೆದುಕೊಂಡು ಅವಳ ಮನೆಗೆ ಬಂದು ಅವಳ ಅತ್ತೆಯ ಮುಂದೆ ನಡೆದದ್ದನ್ನು ಹೇಳಬೇಕು. ‘ಆ ತಲೆ ಎತ್ತದ ಮನುಷ್ಯನನ್ನೂ ಕರ್ಕೊಂಡು ಬನ್ನಿ’ ಎಂದೂ ಹೇಳಿದ್ದಳು.

ಟೇಪಮ್ಮ ತಪ್ಪು ಒಪ್ಪಿಕೊಳ್ಳುವುದನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಗುಂಡಿ ಬಿಗಿಯಾದರೆ ಗಿರಾಕಿ ಉಸಿರು ಬಿಟ್ಟದ್ದು ಸಾಲದು ಎನ್ನುವವಳು. ಅಲ್ಲಿಗೆ ಹೋಗುವ ಹಿಂದಿನ ದಿನವೆಲ್ಲ ಅವಳ ಮಿಷನ್ನು ನಿಂತೇ ಇತ್ತು. ಗೋಡೆಯ ಆಚೆ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಅಭ್ಯಾಸ ಮಾಡುವುದು ಕೇಳಿಸುತ್ತಿತ್ತು.

ಭಾನುವಾರ ನಾವಿಬ್ಬರೂ ಹೋದೆವು. ಮೂರನೆಯ ಮಹಡಿ, ಒಂದು ರೂಮು, ಅಡುಗೆಮನೆ, ಬಾಲ್ಕನಿಯಲ್ಲಿ ಒಣಗಿಹಾಕಿದ ಮಕ್ಕಳ ಯೂನಿಫಾರಂ. ಅತ್ತೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಬೆರಳುಗಳು ಗಂಟುಗಂಟಾಗಿದ್ದವು. ಎರಡು ಮಕ್ಕಳು ಮಂಚದ ಮೇಲೆ ಸಾಲಾಗಿ ಕೂತಿದ್ದವು. ಸೊಸೆ ಗೋಡೆಗೆ ಒರಗಿ ನಿಂತಳು. ಗಂಡ ನಮಗೆ ನೀರು ಕೊಟ್ಟು, ಇದರಲ್ಲಿ ನನ್ನದೇನಿಲ್ಲ ಎನ್ನುವ ಮುಖ ಮಾಡಿಕೊಂಡು ಬಾಲ್ಕನಿಗೆ ಹೋದ.

ಟೇಪಮ್ಮ ಅಭ್ಯಾಸ ಮಾಡಿದ್ದನ್ನೆಲ್ಲ ಮರೆತಳು. ‘ಅಮ್ಮ, ಡ್ರೆಸ್ ರೆಡಿ ಇತ್ತು. ನಾನು ಅಂಗಡಿ ಮುಚ್ಕೊಂಡು ಹೋದೆ, ಹೇಳದೆ ಹೋದೆ. ಮಗಳಿಗೆ ಹುಷಾರಿರಲಿಲ್ಲ. ನಿಮ್ಮ ಸೊಸೆ ಸುಳ್ಳು ಹೇಳಿಲ್ಲ. ತಪ್ಪು ನಂದು’ ಎಂದಳು. ನಾನೂ, ಇವರು ಮೂರು ಸಲ ಬಂದಿದ್ದರು, ನಾನು ಸರಿಯಾಗಿ ಉತ್ತರ ಕೊಡಲಿಲ್ಲ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಅತ್ತೆ ನಮ್ಮ ಮುಖ ನೋಡಲಿಲ್ಲ. ‘ಬಟ್ಟೆ ತೋರಿಸಿ’ ಎಂದರು. ತೊಡೆಯ ಮೇಲೆ ಹಾಕಿಕೊಂಡು ನೇರ ಒಳಭಾಗ ತಿರುಗಿಸಿದರು. ಅಂಚಿನ ಕೈಹೊಲಿಗೆಯ ಮೇಲೆ ಬೆರಳು ಓಡಿಸಿದರು.

‘ಚೆನ್ನಾಗಿದೆ. ಆದ್ರೆ ಇದು ಯಾರದ್ದಾದ್ರೂ ಆಗಬಹುದು. ಇವಳದ್ದೇ ಅಂತ ಏನು ಗುರುತು? ಇವಳ ಸೊಂಟ ನೋಡಿ, ಇದರ ಸೊಂಟ ನೋಡಿ.’

ಸೊಸೆ ನೆಲ ನೋಡಿದಳು. ಮಕ್ಕಳಲ್ಲಿ ಒಂದು ಕಿಸಕ್ಕೆಂದಿತು. ಆಗ ಟೇಪಮ್ಮ ಕೊರಳಿನಿಂದ ಟೇಪು ತೆಗೆದಳು.

‘ಬಾಮ್ಮ ಇಲ್ಲಿ, ನೆಟ್ಟಗೆ ನಿಂತ್ಕೊ’ ಎಂದು ಸೊಸೆಯನ್ನು ಕರೆದಳು. ಸೊಂಟದಿಂದ ಪಾದದ ಗಂಟಿನವರೆಗೆ ಅಳೆದು, ಟೇಪನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅತ್ತೆಗೆ ತೋರಿಸಿದಳು. ಮೂವತ್ತಾರೂವರೆ. ಆಮೇಲೆ ಉಡುಪಿನ ಸೊಂಟದಿಂದ ಮಡಿಚಿದ ಅಂಚಿನವರೆಗೆ ಅಳೆದಳು. ಮೂವತ್ತಾರೂವರೆ.

‘ಸೊಂಟ ವರ್ಷಕ್ಕೊಂದು ಮಾತಾಡುತ್ತೆ ಅಮ್ಮ, ಕಾಲಿನ ಉದ್ದಕ್ಕೆ ಒಂದೇ ಮಾತು. ಮೂರು ಬೆರಳು ಒಳಗೆ ಮಡಿಚಿದ್ದು ಇವಳಿಗಾಗಿಯೇ.’

ಸೊಸೆ ಆಗ ಗೋಡೆಯ ಕನ್ನಡಿಯ ಚೌಕಟ್ಟಿನ ಹಿಂದಿನಿಂದ ಒಂದು ಕಾಗದದ ಚೂರು ತೆಗೆದಳು. ಅರ್ಧ ಚೀಟಿ. ‘ಕಳ್ಳಿ ಸಿಕ್ಕಿದ್ರೆ ಮುಖಕ್ಕೆ ಹಿಡಿಯೋಣ ಅಂತ ಇಟ್ಕೊಂಡಿದ್ದೆ’ ಎಂದಳು. ಅತ್ತೆ ಅದನ್ನೂ ಉಡುಪಿನ ಅರ್ಧ ಚೀಟಿಯನ್ನೂ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟು, ಹರಿದ ಅಂಚುಗಳನ್ನು ಒಂದಕ್ಕೊಂದು ತಳ್ಳಿದರು. ಹೊಂದಿಕೊಂಡವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನಮ್ಮ ಪಾಲಿನ ಮಾನ ಮೊದಲೇ ಹೋಗಿದ್ದರಿಂದ ನುಂಗಿಕೊಂಡೆ. ಅತ್ತೆ ಉಡುಪನ್ನು ಮಡಿಚಿ ಸೊಸೆಯ ಕೈಗೆ ಕೊಟ್ಟು, ಇವರಿಗೆ ಟೀ ಮಾಡು ಎಂದರು. ಆಮೇಲೆ, ಬೇಡ ನೀನು ಕೂತ್ಕೊ, ಎಂದು ತಾವೇ ಎದ್ದು ಅಡುಗೆಮನೆಗೆ ಹೋದರು.

ಹೊರಡುವಾಗ ಸೊಸೆ ಉಡುಪನ್ನು ಟೇಪಮ್ಮನ ಕೈಗಿಟ್ಟಳು. ‘ಮಗಳು ಹಾಕ್ಕೊಳ್ಳಲಿ. ಆದ್ರೆ ವಾಪಸ್ ಬೇಕು. ಉದ್ದ ಮತ್ತೆ ನನ್ನ ಅಳತೆಗೇ ಬರಬೇಕು. ಚೀಟಿ ನನ್ನ ಹತ್ರ ಇರಲಿ.’ ಟೇಪಮ್ಮ ಒಪ್ಪಿದಳು. ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಂಡಳು, ಒರೆಸಿಕೊಂಡದ್ದು ಟೇಪಿನ ತುದಿಯಿಂದ.

ಮಗಳಿಗೆ ಎಲ್ಲವನ್ನೂ ಹೇಳಿದ್ದಾಯಿತು. ಅವಳ ಹೊಟ್ಟೆನೋವಿನಿಂದಲೇ ಅಲ್ಲವೇ ಇದು ಶುರುವಾದದ್ದು. ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆಯಬೇಕು, ಅತ್ತೆಯನ್ನು ಮೊದಲು ಎಂದಳು ಅವಳು. ಟೇಪಮ್ಮ ಅಂಚಿನ ಹೊಲಿಗೆ ಬಿಚ್ಚಿ ಮೂರು ಬೆರಳನ್ನೂ ಇಳಿಸಿದಳು. ಸೊಂಟಕ್ಕೆ ಬರೀ ಕಚ್ಚಾ ಹೊಲಿಗೆ, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಹಳೆಯ ಮಡಿಕೆಯ ಗೆರೆ ಪಾದದ ಮೇಲೆ ಸುತ್ತಲೂ ಹಾಗೇ ಉಳಿಯಿತು. ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಪಟ್ಟಿ ಹೊಲಿದು ಮುಚ್ಚುತ್ತೇನೆ ಎಂದಳು ತಾಯಿ. ಇರಲಿ, ಅದು ಅವರ ಅಳತೆ ಎಂದಳು ಮಗಳು.

ಮದುವೆಗೆ ಅಂಗಡಿ ಎರಡು ದಿನ ಮುಚ್ಚಬೇಕಾಗಿತ್ತು. ಹಿಂದಿನ ಸಂಜೆ ಟೇಪಮ್ಮ ದೊಡ್ಡ ಅಕ್ಷರದಲ್ಲಿ ಬರೆದ ಒಂದು ರಟ್ಟನ್ನು ಬಾಗಿಲಿಗೆ ನೇತುಹಾಕಿದಳು. ‘ಮಗಳ ಮದುವೆ. ಶನಿವಾರ, ಭಾನುವಾರ ಅಂಗಡಿ ಇಲ್ಲ. ಅರ್ಜೆಂಟಾಗಿ ಬಟ್ಟೆ ಬೇಕಾದವರು ಪಕ್ಕದ ಬೀಗದ ಅಂಗಡಿಯಲ್ಲಿ ಕೇಳಿ. ಚೀಟಿ ತನ್ನಿ.’ ಆಮೇಲೆ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಅವಳ ಅಂಗಡಿಯ ಕೀ ಮಾಡಿದವನು ನಾನೇ, ಆದರೆ ಅವಳು ಅದನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು.

ಹಾಗಾಗಿ ನಾನು ಮದುವೆಗೆ ಹೋಗಲಿಲ್ಲ, ಅಂಗಡಿಯಲ್ಲೇ ಕೂತೆ. ಶನಿವಾರ ಸಂಜೆ ಊಟ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಟಿಕೆಟ್ ಕೌಂಟರಿನವಳು ಅಂಗಡಿಯ ಮುಂದೆ ನಿಂತಳು. ಗಂಡ, ಮಕ್ಕಳು, ಅತ್ತೆ ಬೀದಿಯ ಕೊನೆಯಲ್ಲಿ ಕಾಯುತ್ತಿದ್ದರು. ನಾನು ತಲೆ ಎತ್ತಿದೆ.

‘ಎತ್ತಿದ್ರಲ್ಲ’ ಎಂದಳು, ನಕ್ಕಳು. ‘ಊಟದ ಹೊತ್ತಲ್ಲಿ ಯಾರೋ ಒಬ್ಬರು, ಡ್ರೆಸ್ ಎಷ್ಟು ಚೆನ್ನಾಗಿದೆ, ಎಲ್ಲಿಂದ ತಂದ್ರಿ ಅಂತ ಮದುಮಗಳನ್ನ ಕೇಳಿದ್ರು. ಅವಳು ಬಾಯಿ ತೆಗೆಯೋ ಮುಂಚೆ ನಮ್ಮತ್ತೆ ಮಧ್ಯೆ ಬಂದು, ಅದು ನಮ್ಮ ಸೊಸೇದು, ಟೈಲರ್ ಅಂಗಡಿಲಿತ್ತು ಅಂದ್ರು. ಅಷ್ಟೂ ಜನರ ಮುಂದೆ. ಮಕ್ಕಳು ಯಾರೂ ನಗಲಿಲ್ಲ.’

ಚೀಲದಿಂದ ಆ ಅರ್ಧ ಚೀಟಿ ತೆಗೆದು ನನ್ನ ಮೇಜಿನ ಮೇಲೆ, ಅರದ ಪಕ್ಕದಲ್ಲಿ ಇಟ್ಟಳು. ‘ಅವರು ಬಂದಾಗ ಕೊಡಿ. ಮುಂದಿನ ವಾರ ಡ್ರೆಸ್ ತಗೊಂಡು ಹೋಗ್ತೀನಿ’ ಎಂದು ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಟೇಪಮ್ಮ ಬಂದಳು. ಬಾಗಿಲ ರಟ್ಟನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಕೀಗಾಗಿ ಕೈ ಚಾಚಿದಳು.

‘ಯಾರಾದ್ರೂ ಬಂದಿದ್ರಾ?’

‘ಐದು ಜನ’ ಎಂದೆ. ಒಬ್ಬೊಬ್ಬರನ್ನೂ ಹೇಳುತ್ತ ಹೋದೆ. ಶನಿವಾರ ಬೆಳಿಗ್ಗೆ ಕೋಟಿನವನು, ಚೀಟಿ ತಂದಿದ್ದ, ಕೊಟ್ಟೆ. ಶಾಲೆಯ ಮೇಷ್ಟ್ರು ಚೀಟಿ ತಂದಿರಲಿಲ್ಲ, ಕೊಡಲಿಲ್ಲ, ಬೈದು ಹೋದರು. ಕೆಂಪು ಛತ್ರಿಯ ಹೆಂಗಸು ಬುಧವಾರ ಬರುತ್ತೇನೆ ಎಂದಳು. ಮೇಲಿನ ಮನೆಯ ಅಜ್ಜ ಸುಮ್ಮನೆ ಬಂದಿದ್ದು, ಮದುವೆ ಚೆನ್ನಾಗಿ ಆಯಿತಾ ಎಂದು ಕೇಳಿದರು. ಟೇಪಮ್ಮ ಕೊರಳಿಗೆ ಟೇಪು ಹಾಕಿಕೊಳ್ಳುತ್ತ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

‘ಐದನೇದು?’

ಕೀಯ ಜೊತೆಗೆ ಅರ್ಧ ಚೀ‌ಟಿಯನ್ನೂ ಅವಳ ಕೈಗಿಟ್ಟೆ.